ಟೊಮೆಟೊ ಇಲ್ಲದ ಕೆಂಪು

ತಂಗಿ ಕಸದ ಬುಟ್ಟಿಯ ಮುಚ್ಚಳ ಎತ್ತಿ ಒಳಗೆ ಇಣುಕಿದಳು. ಅವಳು ಬಂದು ಐದು ನಿಮಿಷವೂ ಆಗಿರಲಿಲ್ಲ, ಹೆಗಲಿನ ಚೀಲ ಹೆಗಲಲ್ಲೇ ಇತ್ತು. ಬುಟ್ಟಿಯಲ್ಲಿ ಕ್ಯಾರೆಟ್ ಸಿಪ್ಪೆ, ಬೀಟ್‌ರೂಟ್ ಸಿಪ್ಪೆ, ಈರುಳ್ಳಿಯ ಮೇಲುಪದರ, ಹಿಂಡಿ ಬಿಸಾಡಿದ ನಿಂಬೆ ಹೋಳುಗಳು ಇದ್ದವು. ಒಂದು ಚಮಚದ ಹಿಡಿಯಿಂದ ಅವನ್ನೆಲ್ಲ ಆಚೀಚೆ ಸರಿಸಿ ತಳದ ತನಕ ನೋಡಿದಳು.

"ಇದು ಇವತ್ತಿನ ಕಸ. ನಿನ್ನೆಯದ್ದೆಲ್ಲಿ?"

ಬೆಳಿಗ್ಗೆಯೇ ಕಸದ ಗಾಡಿಗೆ ಹೋಯಿತು ಎಂದಳು ಅಕ್ಕ. ಎಷ್ಟು ಹೊತ್ತಿಗೆ ಎಂದು ತಂಗಿ ಕೇಳಿದಳು. ಆರೂವರೆಗೆ ಎಂದಾಗ, ಹಾಗಾದರೆ ಅಡುಗೆ ಶುರು ಮಾಡಿದ್ದು ಎಷ್ಟಕ್ಕೆ ಎಂದಳು. ತಂಗಿ ದರ್ಜಿ. ಮೂವತ್ತು ವರ್ಷದಿಂದ ಬೇರೆಯವರು ಹೊಲಿದು ಕೆಡಿಸಿದ ಬಟ್ಟೆಗಳ ಒಳಮೈ ತಿರುಗಿಸಿ ತಿರುಗಿಸಿ ನೋಡಿದವಳಿಗೆ ಯಾವುದರ ಹೊರಮೈಯನ್ನೂ ನಂಬುವ ಅಭ್ಯಾಸವಿಲ್ಲ. ಫ್ರಿಜ್ಜಿನ ಬಾಗಿಲು ತೆಗೆದಳು, ತರಕಾರಿ ಡಬ್ಬಿ ಎಳೆದಳು, ವಿನಿಗರ್ ಬಾಟಲಿಯ ಚೀಟಿಯನ್ನು ಕನ್ನಡಕ ಏರಿಸಿಕೊಂಡು ಓದಿದಳು. ಕೊನೆಗೆ ಮರದ ಸೌಟನ್ನು ಮೂಗಿನ ಹತ್ತಿರ ಹಿಡಿದಾಗ ಅಕ್ಕನೇ, ಯಾರೂ ಕೇಳದಿದ್ದರೂ, ಅದು ಹೊಸದು, ಮೊನ್ನೆ ತಂದದ್ದು ಎಂದುಬಿಟ್ಟಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಈ ಸಲ ಕದ್ದಿರಲಿಲ್ಲ ಎಂಬುದಷ್ಟೇ ವ್ಯತ್ಯಾಸ.

ಬರುವ ಸೋಮವಾರ ತಂಗಿಯ ಬಲಗೈ ಮಣಿಕಟ್ಟಿಗೆ ಆಪರೇಷನ್. ಆಮೇಲೆ ಆರು ವಾರ ಕತ್ತರಿ ಹಿಡಿಯುವಂತಿಲ್ಲ, ಚಾಕು ಹಿಡಿಯುವಂತಿಲ್ಲ, ಒಂದು ಪಾತ್ರೆ ಎತ್ತುವಂತಿಲ್ಲ. ಒಂಟಿ ಹೆಂಗಸು, ಯಾರಾದರೂ ಮಾಡಿ ಹಾಕಲೇಬೇಕು. ಊರಾಚೆ ಒಂದು ಆರೈಕೆ ಮನೆಯಲ್ಲಿ ಹಾಸಿಗೆ ಕೇಳಿಟ್ಟಿದ್ದಳು. ಅಲ್ಲಿ ಬೇಯಿಸಿದ ಆಲೂಗಡ್ಡೆ, ಬ್ರೆಡ್ಡು ತಿಂದುಕೊಂಡು ಇದ್ದುಬಿಡುತ್ತೇನೆ ಎಂದು ಫೋನಿನಲ್ಲಿ ಹೇಳಿದಾಗ ಅಕ್ಕನಿಗೆ ತಡೆಯಲಾಗಲಿಲ್ಲ. ನಮ್ಮ ಮನೆಯಲ್ಲೇ ಇರು, ಹಿಂದಿನ ಕೋಣೆ ಖಾಲಿಯಿದೆ, ಮೊದಲು ಬಂದು ಒಂದು ಹೊತ್ತು ಊಟ ಮಾಡಿ ನೋಡು, ಆಮೇಲೆ ನಿನ್ನಿಷ್ಟ ಎಂದಳು. ತಂಗಿ, ಭಾನುವಾರ ಬರ್ತೀನಿ, ನೋಡಿ ಹೇಳ್ತೀನಿ ಎಂದಿದ್ದಳು. ಹೀಗಾಗಿ ಇದು ಊಟವಲ್ಲ, ಪರೀಕ್ಷೆ.

ಹನ್ನೊಂದು ವರ್ಷದಿಂದ ತಂಗಿ ಈ ಮನೆಯಲ್ಲಿ ಒಂದು ತುತ್ತು ತಿಂದವಳಲ್ಲ. ಬರುತ್ತಾಳೆ, ಕೂರುತ್ತಾಳೆ, ತನ್ನ ಬಾಟಲಿಯ ನೀರು ಕುಡಿದು ಹೋಗುತ್ತಾಳೆ. ಚಿಕ್ಕಂದಿನಿಂದ ಅವಳಿಗೆ ಟೊಮೆಟೊ ಆಗುವುದಿಲ್ಲ. ಅದೆಲ್ಲ ಮನಸ್ಸಿನ ರೋಗ, ಗೊತ್ತಿಲ್ಲದ ಹಾಗೆ ತಿನ್ನಿಸಿದರೆ ತಾನೇ ಹೋಗುತ್ತದೆ ಎಂಬುದು ಆಗಿನ ಅಕ್ಕನ ಸಿದ್ಧಾಂತ. ಹಾಗೆಂದೇ ಒಂದು ಮಧ್ಯಾಹ್ನ, ಒಂದೇ ಒಂದು ಹಣ್ಣನ್ನು ನುಣ್ಣಗೆ ಅರೆದು ಗೊಜ್ಜಿಗೆ ಬೆರೆಸಿದಳು. ಊಟ ಮುಗಿದ ಮೇಲೆ ಹೇಳಿ ನಗಬೇಕು ಎಂದುಕೊಂಡಿದ್ದಳು. ಊಟ ಮುಗಿಯಲೇ ಇಲ್ಲ. ತಂಗಿಯ ತುಟಿ ಊದಿ, ಕಣ್ಣು ಮುಚ್ಚಿಹೋಗಿ, ಗಂಟಲಿನಿಂದ ಶಿಳ್ಳೆಯಂಥ ಸದ್ದು ಬರತೊಡಗಿತು.

ಆಸ್ಪತ್ರೆಯಲ್ಲಿ ಡಾಕ್ಟರು ಟೊಮೆಟೊ ಇತ್ತೇ ಎಂದು ಎರಡು ಸಲ ಕೇಳಿದರು. ಎರಡು ಸಲವೂ ಅಕ್ಕ ಇಲ್ಲ ಎಂದಳು. ಬೀಸುವ ದೊಣ್ಣೆ ತಪ್ಪಿಸಿಕೊಂಡರೆ ಸಾವಿರ ವರ್ಷ ಆಯುಸ್ಸು ಎನ್ನುತ್ತಾರಲ್ಲ, ಆ ಗಳಿಗೆಯಲ್ಲಿ ಅವಳಿಗೆ ಹೊಳೆದದ್ದು ಅಷ್ಟೇ. ಹಾಸಿಗೆಯ ಮೇಲೆ ಮಲಗಿದ್ದ ತಂಗಿಗೆ ಕಣ್ಣು ಕಾಣುತ್ತಿರಲಿಲ್ಲ, ಕಿವಿ ಕೇಳುತ್ತಿತ್ತು. ನಿಜ ಹೊರಬಂದದ್ದು ಮೂರನೆಯ ದಿನ, ಅದೂ ಅಕ್ಕನ ಗಂಡ ಭಾವನ ಬಾಯಿಂದ.

ಅಕ್ಕ ದಾದಿಯರ ತರಬೇತಿ ಶಾಲೆಯ ಕ್ಯಾಂಟೀನಿನಲ್ಲಿ ಮುಖ್ಯ ಅಡುಗೆಯವಳು. ಅಲ್ಲಿ ಟೊಮೆಟೊ ಒಗ್ಗದ ಹುಡುಗಿಯರು ಮೂವರಿದ್ದರು. ಪಾಸ್ತಾ ಮಾಡಿದ ದಿನ ಅವರು ಬರೀ ಬೆಣ್ಣೆ ಹಚ್ಚಿಕೊಂಡು ತಿನ್ನುತ್ತಿದ್ದರು. ಅವರ ನೆಪದಲ್ಲಿ ಅಕ್ಕ ನಾಲ್ಕು ತಿಂಗಳು ಟೊಮೆಟೊ ಇಲ್ಲದ ಈ ಕೆಂಪು ಸಾಸಿನ ಹಿಂದೆ ಬಿದ್ದಳು. ಮೊದಲ ಸಲ ಬೀಟ್‌ರೂಟ್ ಹೆಚ್ಚಾಗಿ ಗುಲಾಬಿ ಬಣ್ಣ ಬಂತು, ಮಣ್ಣಿನ ವಾಸನೆ ಹೊಡೆಯಿತು. ಬೀಟ್‌ರೂಟನ್ನು ಸುಟ್ಟು ಹಾಕಿದರೆ ಆ ವಾಸನೆ ಸಾಯುತ್ತದೆ ಎಂದು ತಿಳಿಯಲು ಒಂದು ತಿಂಗಳು ಹಿಡಿಯಿತು. ಆರು ಕ್ಯಾರೆಟ್ಟಿಗೆ ಅರ್ಧ ಬೀಟ್‌ರೂಟ್, ಅದಕ್ಕಿಂತ ಒಂದು ಹೋಳು ಜಾಸ್ತಿಯಾದರೂ ಗುಟ್ಟು ರಟ್ಟು. ವಿನಿಗರನ್ನು ಕುದಿಯುವಾಗ ಒಮ್ಮೆ, ನಿಂಬೆಯನ್ನು ಇಳಿಸಿದ ಮೇಲೆ ಒಮ್ಮೆ. ಒಣಗಿಸಿ ಪುಡಿಮಾಡಿದ ಅಣಬೆ ಒಂದು ಚಮಚ ಬಿದ್ದ ದಿನ ಹುಡುಗಿಯರಲ್ಲಿ ಒಬ್ಬಳು ಅರ್ಧಕ್ಕೇ ತಟ್ಟೆ ಬಿಟ್ಟು, ಬಿಳಿಚಿಕೊಂಡು, ಅಡುಗೆಮನೆಯ ತನಕ ಬಂದು ಇದು ನಿಜಕ್ಕೂ ಟೊಮೆಟೊ ಅಲ್ಲವೇ ಎಂದು ಕೇಳಿದಳು. ಅಕ್ಕ ಉಬ್ಬಿಹೋದಳು. ಹುಡುಗಿ ಉಳಿದರ್ಧ ಊಟ ಮಾಡಲಿಲ್ಲ ಎಂಬುದು ಅವಳ ತಲೆಗೆ ಹೋಗಲೇ ಇಲ್ಲ.

ಈಗ ಮೇಜಿಗೆ ಪಾಸ್ತಾದ ತಟ್ಟೆ ಬಂತು. ನೋಡಿದರೆ ಯಾರೂ ಟೊಮೆಟೊ ಅಲ್ಲ ಎನ್ನುವಂತಿರಲಿಲ್ಲ. ಅದೇ ಕೆಂಪು, ಅದೇ ಹೊಳಪು, ಅಂಚಿನಲ್ಲಿ ಬಿಟ್ಟುಕೊಂಡ ಎಣ್ಣೆಯೂ ಅದೇ ಕಿತ್ತಳೆ ಬಣ್ಣದ್ದು. ಭಾವ ಆಗಲೇ ಫೋರ್ಕಿಗೆ ಸುತ್ತಿಕೊಳ್ಳತೊಡಗಿದ್ದರು. ತಂಗಿ ತಟ್ಟೆಯ ಮೇಲೆ ಬಗ್ಗಿದಳು. ಒಂದು ಸಲ ಮೂಸಿದಳು. ಅವಳ ಎಡಗೈ ತಾನಾಗಿ ಗಂಟಲಿಗೆ ಹೋಯಿತು.

"ಇದರಲ್ಲಿ ಇದೆ."

"ಇಲ್ಲ ಕಣೇ."

"ಅವತ್ತೂ ಇಲ್ಲ ಅಂದಿದ್ದೆ."

ಭಾವ ಸಹಾಯಕ್ಕೆ ಬಂದರು. ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು ಅವರು. ಯಾರು ಸುಳ್ಳು ಹೇಳುತ್ತಾರೆಂದು ಮುಖ ನೋಡಿಯೇ ಹೇಳಬಲ್ಲೆ ಎಂದು ಅವರಿಗೊಂದು ನಂಬಿಕೆ, ಹೆಂಡತಿಯ ವಿಷಯದಲ್ಲಿ ಮಾತ್ರ ಅದು ಕೈಕೊಟ್ಟದ್ದನ್ನು ಅವರು ಲೆಕ್ಕಕ್ಕೆ ಹಿಡಿದಿರಲಿಲ್ಲ. ತಾನು ಬೆಳಿಗ್ಗೆಯಿಂದ ಅಡುಗೆಮನೆಯಲ್ಲೇ ಇದ್ದೆ, ನಾಲ್ಕು ದಿನದಿಂದ ಈ ಮನೆಗೆ ಒಂದು ಟೊಮೆಟೊ ಬಂದಿಲ್ಲ, ತನಗೆ ಸಲಾಡಿಗೂ ಇಲ್ಲ ಎಂದು ಸಾಕ್ಷಿ ನುಡಿದರು. ಅಲ್ಲಿಗೇ ನಿಲ್ಲಿಸಬಹುದಿತ್ತು. ತಿಂದರೆ ತನಗೇ ಗೊತ್ತಾಗುವುದಿಲ್ಲ, ಥೇಟ್ ಟೊಮೆಟೊನೇ ಎಂದೂ ಸೇರಿಸಿದರು. ತಂಗಿ ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ತಳ್ಳಿ ಕೂತಳು.

ಅಕ್ಕನಿಗೆ ಸಿಟ್ಟು ಬಂತು. ಬಾರದೆ ಏನು? ಚಾಕು ಹೊಸದು, ಹಲಗೆ ಹೊಸದು, ಬಾಣಲೆಯನ್ನು ಮೂರು ಸಲ ಉಜ್ಜಿ ತೊಳೆದಿದ್ದಳು. ಯಾರ ಮೇಲೆ ಬೇಕಾದರೂ ಆಣೆ ಇಡುತ್ತೇನೆ ಎಂದಳು. ತಂಗಿ ಆಣೆ ಬೇಡ ಎಂದಳು. ಹಾಗಾದರೆ ಇನ್ನೇನು ಮಾಡಿದರೆ ನಂಬುತ್ತೀಯ ಎಂದು ಅಕ್ಕ ಕೇಳಿದಾಗ ಅವಳು ಚೀಲದೊಳಗೆ ಕೈಹಾಕಿ, ಉಸಿರು ಕಟ್ಟಿದರೆ ಚುಚ್ಚಿಕೊಳ್ಳುವ ಸೂಜಿಮದ್ದಿನ ಡಬ್ಬಿ ಇದೆಯೇ ಎಂದು ಮುಟ್ಟಿ ನೋಡಿಕೊಂಡಳು. ಅದನ್ನು ಕಂಡು ಅಕ್ಕನ ದನಿ ಇನ್ನಷ್ಟು ಏರಿತು.

"ನಾಲ್ಕು ತಿಂಗಳು ಒದ್ದಾಡಿದೀನಿ ನಾನು. ಥೇಟ್ ಟೊಮೆಟೊ ಥರಾನೇ ಬರಬೇಕು ಅಂತ."

"ನಾನು ಕೇಳಿದ್ನಾ?" ಎಂದಳು ತಂಗಿ. ಅವಳ ದನಿ ಏರಲಿಲ್ಲ. "ಐವತ್ತೆರಡು ವರ್ಷ ಅದಿಲ್ದೆ ಉಂಡಿದೀನಿ. ಒಂದಿನಾನೂ ಬೇಕು ಅನ್ನಿಸಿಲ್ಲ. ಆ ವಾಸನೆ ಬಂದ್ರೆ ನಿಮಗೆಲ್ಲ ಬಾಯಲ್ಲಿ ನೀರು ಬರುತ್ತೆ ಅಕ್ಕ, ನನಗೆ ಉಸಿರು ನಿಂತ ಹಾಗಾಗುತ್ತೆ. ಅದನ್ನೇ ಕಷ್ಟಪಟ್ಟು ಮಾಡಿ ನನ್ನ ಮುಂದೆ ಇಟ್ಟಿದೀಯಲ್ಲ, ಇದು ಬೇಕಾಗಿದ್ದು ಯಾರಿಗೆ?"

ನಿನಗೇ ಎನ್ನಹೊರಟ ಅಕ್ಕ ತನ್ನ ಕೈ ನೋಡಿಕೊಂಡಳು. ಹನ್ನೊಂದು ವರ್ಷದ ಹಿಂದೆ ಒಂದು ಹಣ್ಣು ಅರೆದು ಬೆರೆಸಿದ ಕೈಯೇ ಈ ನಾಲ್ಕು ತಿಂಗಳು ಕ್ಯಾರೆಟ್ಟು ಬೀಟ್‌ರೂಟು ಅರೆದಿತ್ತು. ಹಟವೂ ಅದೇ ಹಟ. ತಂಗಿಗೆ ಹೇಗಾದರೂ ಟೊಮೆಟೊ ತಿನ್ನಿಸಿಯೇ ತೀರಬೇಕು, ಟೊಮೆಟೊ ಇಲ್ಲದೆಯಾದರೂ ಸರಿ. ಅವಳಿಗೆ ನಾಚಿಕೆಯಾಯಿತು. ಎಷ್ಟು ನಾಚಿಕೆಯಾಯಿತೆಂದರೆ ಆಸ್ಪತ್ರೆಯ ಮೂರನೆಯ ದಿನವೂ ಅಷ್ಟು ಆಗಿರಲಿಲ್ಲ.

ಅವಳು ತಂಗಿಯ ತಟ್ಟೆ ಎತ್ತಿ ಗಂಡನ ಪಕ್ಕಕ್ಕೆ ಸರಿಸಿದಳು. ಆಮೇಲೆ ನಿಂತುಕೊಂಡೇ ಕೇಳಿದಳು.

"ನಿಂಗೇನು ಬೇಕು?"

ತಂಗಿ ಅವಳ ಮುಖವನ್ನೇ ನೋಡಿದಳು. ಇದರಲ್ಲೂ ಏನಾದರೂ ಅಡಗಿದೆಯೇ ಎಂದು ಹುಡುಕುತ್ತಿದ್ದ ಹಾಗಿತ್ತು. ಕೊನೆಗೆ, ಕುಂಬಳಕಾಯಿ ಇದೆಯಾ ಎಂದಳು. ಇತ್ತು, ಅರ್ಧ. ಅದು, ಬೆಳ್ಳುಳ್ಳಿ, ಎಣ್ಣೆ, ಉಪ್ಪು, ಕಾಳುಮೆಣಸಿನ ಪುಡಿ ಸಾಕು ಎಂದಳು. ಹುಳಿ ಬೇಡ. ಕೆಂಪಗೆ ಇರಬಾರದು.

ಅಡುಗೆಮನೆಗೆ ತಂಗಿಯೂ ಬಂದಳು. ಸ್ಟೂಲು ಎಳೆದುಕೊಂಡು ಒಲೆಯ ಪಕ್ಕದಲ್ಲೇ ಕೂತಳು. ಬೇರೆ ಬಾಣಲೆ ಎಂದಳು, ಅಕ್ಕ ಬೇರೆ ಬಾಣಲೆ ತೆಗೆದಳು. ಚಾಕು ಇನ್ನೊಮ್ಮೆ ತೊಳಿ ಎಂದಳು, ತೊಳೆದಳು. ಪಾಸ್ತಾ ಬೇರೆ ನೀರಿನಲ್ಲಿ ಬೇಯಬೇಕು ಎಂದಳು, ಹೊಸ ನೀರು ಇಟ್ಟಳು. ಕ್ಯಾಂಟೀನಿನಲ್ಲಿ ಐದು ಜನರ ಮೇಲೆ ದರ್ಬಾರು ಮಾಡುವ ಹೆಂಗಸು ತುಟಿಪಿಟಕ್ಕೆನ್ನದೆ ಹೇಳಿದ್ದು ಕೇಳಿದಳು. ಒಮ್ಮೆ ಮಾತ್ರ, ಕುಂಬಳಕಾಯಿ ಮೆತ್ತಗಾಗಿ ಕರಗುತ್ತಿರುವಾಗ, ಅಭ್ಯಾಸಬಲದಿಂದ ಅವಳ ಕೈ ಅಣಬೆ ಪುಡಿಯ ಡಬ್ಬಿಯ ಕಡೆಗೆ ಹೋಯಿತು. ತಂಗಿ ಬರೀ ನೋಡಿದಳು. ಕೈ ಅಲ್ಲಿಂದಲೇ ವಾಪಸಾಯಿತು. ಬಾಣಲೆಯಲ್ಲಿ ಕುಂಬಳಕಾಯಿ ಮಕ್ಕಳ ಗಂಜಿಯ ಹಾಗೆ ಹಳದಿಯಾಗಿ, ಸಪ್ಪೆಯಾಗಿ ಕೊತಗುಟ್ಟುತ್ತಿತ್ತು. ಇದನ್ನು ಸಾಸ್ ಎಂದು ಕರೆಯಲು ಅಕ್ಕನಿಗೆ ಮನಸ್ಸಾಗಲಿಲ್ಲ, ಆದರೂ ತಿರುವುತ್ತ ಹೋದಳು.

ಮೇಜಿಗೆ ಮರಳಿ ಬಂದ ಮೇಲೆ ತಂಗಿ ಕಿರುಬೆರಳಿನ ತುದಿಗೆ ಸ್ವಲ್ಪ ಹಳದಿ ತೆಗೆದುಕೊಂಡು ಕೆಳತುಟಿಯ ಒಳಗೆ ಸವರಿಕೊಂಡಳು. ಕೈಗಡಿಯಾರ ಬಿಚ್ಚಿ ತಟ್ಟೆಯ ಪಕ್ಕ ಇಟ್ಟಳು. ಇಪ್ಪತ್ತು ನಿಮಿಷ ಎಂದಳು. ಅವಳು ಎಲ್ಲಿ ಹೊಸದಾಗಿ ತಿಂದರೂ ಇದೇ ಕ್ರಮವಂತೆ. ತುಟಿ ಚುರುಗುಟ್ಟಿದರೆ ಅಲ್ಲಿಗೇ ಮುಗಿಯಿತು, ಎದ್ದು ಹೋಗುವುದು. ಅಕ್ಕನಿಗೆ ಇದು ಗೊತ್ತೇ ಇರಲಿಲ್ಲ.

ಭಾವ ಎರಡು ತಟ್ಟೆ ಕೆಂಪನ್ನು ಮುಗಿಸಿ ಕಿಟಕಿಯ ಪಕ್ಕಕ್ಕೆ ಹೋಗಿ ಪೇಪರು ಹಿಡಿದರು, ಒಂದೇ ಪುಟವನ್ನು ಬಹಳ ಹೊತ್ತು ಓದಿದರು. ಅಕ್ಕ ತಂಗಿಯ ತುಟಿಯನ್ನೇ ನೋಡುತ್ತ ಕೂತಳು. ಒಂದು ಸಲ ಅದು ಕೆಂಪಾದ ಹಾಗೆ ಕಂಡಿತು. ಬೇರೆ ಬಾಣಲೆಯ ತಳದಲ್ಲಿ ಏನಾದರೂ ಹಳೆಯದು ಅಂಟಿತ್ತೇ, ಎಣ್ಣೆಯ ಡಬ್ಬಿ ಯಾವಾಗ ತೊಳೆದದ್ದು, ಬೆಳ್ಳುಳ್ಳಿ ಬಿಡಿಸಿದ ಕೈ ಅದಕ್ಕೆ ಮುಂಚೆ ಏನು ಮುಟ್ಟಿತ್ತು ಎಂದು ಒಂದೊಂದೇ ಅನುಮಾನ ಬರತೊಡಗಿತು. ತನ್ನ ಅಡುಗೆಯನ್ನೇ ತಾನು ನಂಬದೆ ಕೂತಿದ್ದು ಜೀವನದಲ್ಲಿ ಅದೇ ಮೊದಲು. ಇವಳು ದಿನಾ ಮೂರು ಹೊತ್ತು ಹೀಗೇ ಕೂರುತ್ತಾಳೇನೋ ಎಂದುಕೊಂಡಳು.

"ಡಾಕ್ಟರು ಕೇಳಿದಾಗ ಇಲ್ಲ ಅಂದೆನಲ್ಲ," ಎಂದಳು ಅಕ್ಕ, ಮೇಜಿನ ಬಟ್ಟೆಯನ್ನು ನೋಡುತ್ತ. "ಹಾಕಿದ್ದು ಒಂದು ತಪ್ಪು. ಅದು ಅದಕ್ಕಿಂತ ದೊಡ್ಡದು. ನೀನು ಸತ್ತೇ ಹೋಗ್ತಿದ್ದೆ, ನಾನು ಮರ್ಯಾದೆ ನೋಡ್ಕೊಂಡೆ."

ತಂಗಿ ಗಡಿಯಾರದಿಂದ ಕಣ್ಣು ತೆಗೆಯಲಿಲ್ಲ.

"ಇನ್ನೂ ಎಂಟು ನಿಮಿಷ ಇದೆ," ಎಂದಳು.

ತಟ್ಟೆಯಲ್ಲಿ ಹಳದಿ ಗಟ್ಟಿಯಾಗಿ, ಮೇಲೆ ಕೆನೆಯಂಥ ಪದರ ಕಟ್ಟಿತು. ಹೊತ್ತಾಯಿತೆಂದು ಕಂಡಾಗ ತಂಗಿ ತುಟಿಯ ಒಳಗೆ ನಾಲಿಗೆ ಆಡಿಸಿ ನೋಡಿಕೊಂಡಳು, ಗಡಿಯಾರ ಕಟ್ಟಿಕೊಂಡಳು, ತಟ್ಟೆಯನ್ನು ಅಕ್ಕನ ಕಡೆಗೆ ತಳ್ಳಿದಳು. ಅಕ್ಕ ಕುರ್ಚಿಯಿಂದ ಅರ್ಧ ಎದ್ದಳು.

"ಆರಿಹೋಗಿದೆ. ಬಿಸಿ ಮಾಡ್ಕೊಂಡು ಬಾ."

ಅಕ್ಕ ತಟ್ಟೆ ಹಿಡಿದುಕೊಂಡು ಒಳಗೆ ಹೋದಳು. ಊಟದ ಮೇಜಿನಿಂದ ಒಲೆ ಕಾಣುವುದಿಲ್ಲ, ನಡುವೆ ಗೋಡೆ. ಪಕ್ಕದ ಬಾಣಲೆಯಲ್ಲಿ ಕೆಂಪು ಸಾಸು ಹಾಗೇ ಇತ್ತು, ಮುಚ್ಚಳ ಅರ್ಧ ಸರಿದಿತ್ತು. ಅವಳು ಮುಚ್ಚಳವನ್ನು ಪೂರ್ತಿ ಮುಚ್ಚಿ, ಆ ಬಾಣಲೆಯನ್ನು ದೂರದ ಕಟ್ಟೆಯ ಮೇಲೆ ಇಟ್ಟಳು. ಹಿಂದೆ ಕುರ್ಚಿ ಸರಿಯುತ್ತದೆ, ಚಪ್ಪಲಿಯ ಸದ್ದು ಬರುತ್ತದೆ ಎಂದು ಕಾದಳು. ಬರಲಿಲ್ಲ. ಆಚೆ ತಂಗಿ, ಹಿಂದಿನ ಕೋಣೆಯ ಕಿಟಕಿ ಯಾವ ದಿಕ್ಕಿಗಿದೆ ಎಂದು ಭಾವನನ್ನು ಕೇಳುತ್ತಿದ್ದಳು, ಕೂತಲ್ಲಿಂದಲೇ.

ಅಡುಗೆಮನೆಯಲ್ಲಿ ನೋಡುವವರು ಯಾರೂ ಇರಲಿಲ್ಲ. ಅಕ್ಕ ನಲ್ಲಿ ತಿರುಗಿಸಿ, ಸೋಪು ಹಚ್ಚಿ, ಮೊಣಕೈ ತನಕ ಇನ್ನೊಮ್ಮೆ ಕೈ ತೊಳೆದುಕೊಂಡಳು.