ಹೋಲಿಕೆಗೊಂದು ನಾಡಿ

ವಾಹನಗಳ ಸದ್ದಿನಿಂದ ಯಾವ ಬೀದಿಯವರ ಹೃದಯಕ್ಕೆ ಎಷ್ಟು ಅಪಾಯ ಎಂದು ಅಂದಾಜು ಮಾಡುವುದು ನನ್ನ ಕೆಲಸ. ಗಲಾಟೆ ಹೆಚ್ಚಿರುವ ಬೀದಿಗೆ ನಗರದ ನಕ್ಷೆಯಲ್ಲಿ ಕೆಂಪು ಬಳಿಯುತ್ತೇನೆ. ಒಂದು ದಿನ ನಮ್ಮ ಬೀದಿಗೂ ನಾನೇ ಬಳಿಯಬೇಕಾಯಿತು. ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ.

ನಾವು ಮಲಗುತ್ತಿದ್ದುದು ರಸ್ತೆ ಕಡೆಯ ಕೋಣೆಯಲ್ಲಿ. ಕಿಟಕಿಯ ಕೆಳಗೇ ಸಿಗ್ನಲ್ಲು. ಇಡೀ ರಾತ್ರಿ ಲಾರಿಗಳು ಅಲ್ಲಿ ಬ್ರೇಕು ಹಾಕಿ, ಮತ್ತೆ ಗುಡುಗಿ ಹೊರಡುತ್ತಿದ್ದವು. ನಮ್ಮ ಯಜಮಾನರ ಹೃದಯಕ್ಕೆ ಸ್ಟೆಂಟ್ ಹಾಕಿಸಿ ಇನ್ನೂ ವರ್ಷವಾಗಿರಲಿಲ್ಲ. ಹಿಂದಿನ ಕೋಣೆಯಲ್ಲಿ ಸದ್ದೇ ಇಲ್ಲ, ಆದರೆ ಅಲ್ಲಿ ಇವರ ಹೊಲಿಗೆ ಯಂತ್ರ ಕೂತಿತ್ತು.

"ಮಷೀನು ಮುಂದಿಡೋಣ, ನಾವು ಹಿಂದೆ ಮಲಗೋಣ ರೀ."

"ಹೊಲಿಯೋಕೆ ಹಿಂದೇನೇ ಬೆಳಕು ಚೆನ್ನಾಗಿದೆ ಕಣೇ. ನನಗೆ ಸದ್ದು ಅಭ್ಯಾಸ ಆಗಿದೆ."

"ಕಿವಿಗೆ ಅಭ್ಯಾಸ ಆಗಬಹುದು. ಹೃದಯಕ್ಕೆ?"

"ಅದಕ್ಕೂ ಸ್ವಲ್ಪ ಹತ್ತಿ ಇಟ್ಟುಬಿಡು."

ಮೈಯೆಲ್ಲ ಉರಿಯಿತು. ಕಚೇರಿಯಿಂದ ನಾಡಿ ದಾಖಲಿಸುವ ಎರಡು ಪಟ್ಟಿ ತಂದೆ. ಒಂದನ್ನು ಇವರ ಮಣಿಕಟ್ಟಿಗೆ ಕಟ್ಟಿದೆ. ಗಟ್ಟಿ ಹೃದಯದ್ದೂ ಒಂದು ಹೋಲಿಕೆಗಿರಲಿ ಎಂದು ಇನ್ನೊಂದನ್ನು ನಾನು ಕಟ್ಟಿಕೊಂಡೆ. ಕಿಟಕಿಯಲ್ಲಿ ಸದ್ದಿನ ಮಾಪಕ ಇಟ್ಟೆ.

ವಾರದ ನಂತರ ಕಚೇರಿಯಲ್ಲಿ ಮೂರೂ ಗೆರೆಗಳನ್ನು ಪರದೆಯ ಮೇಲೆ ಹಾಕಿದೆ. ನಮ್ಮ ವಿಭಾಗದ ಮೇಡಂ ಬಂದು ಹಿಂದೆ ನಿಂತರು. ಲಾರಿ ಬಂದಾಗಲೆಲ್ಲ ಒಂದು ನಾಡಿ ತುಸು ಎದ್ದು ಇಳಿಯುತ್ತಿತ್ತು. ಇನ್ನೊಂದು ನೆಗೆದು, ಬಹಳ ಹೊತ್ತು ಮೇಲೆಯೇ ನಿಲ್ಲುತ್ತಿತ್ತು.

"ಈ ನೆಗೀತಿರೋದು ನಿಮ್ಮ ಯಜಮಾನ್ರದ್ದಾ? ಬೇಗ ಡಾಕ್ಟರಿಗೆ ತೋರಿಸಿ."

ಗೆರೆಯ ತುದಿಯ ಹೆಸರು ನೋಡಿದೆ. ಅದು ನನ್ನದು.

"ಲಾರಿ ಹೋದ್ಮೇಲೂ ಇಳೀತಾ ಇಲ್ವಲ್ಲ. ಆಗ ಏನು ಮಾಡ್ತಿರ್ತೀರಿ?" ಎಂದರು ಮೇಡಂ.

"ಇವರ ಎದೆ ಮೇಲೆ ಕೈಯಿಟ್ಟು ನೋಡ್ತಿರ್ತೀನಿ. ಉಸಿರಾಡ್ತಿದಾರಾ ಅಂತ."

ಹೇಳುವಾಗ ನಾಚಿಕೆಯಾಯಿತು, ಭಯವೂ ಆಯಿತು. ಇಷ್ಟು ವರ್ಷದ ನಮ್ಮ ಅಂದಾಜಿನಲ್ಲಿ ಇಂಥ ಎಚ್ಚರಕ್ಕೆ ಜಾಗವೇ ಇರಲಿಲ್ಲ.

ಮನೆಗೆ ಬಂದು ಇವರಿಗೆ ಎಲ್ಲ ತೋರಿಸಿದೆ. ಏನಾದರೂ ಕುಚೋದ್ಯ ಮಾಡುತ್ತಾರೆಂದು ಕಾದೆ. ಮಾಡಲಿಲ್ಲ. ಎದ್ದು ಹಿಂದಿನ ಕೋಣೆಗೆ ಹೋಗಿ ಯಂತ್ರಕ್ಕೆ ಕೈ ಹಚ್ಚಿದರು.

"ನೀವು ಎಳೀಬೇಡಿ, ನಾನು ಎಳೀತೀನಿ" ಎಂದು ಓಡಿದೆ.

"ನೀನೂ ಎಳೀಬೇಡ" ಎಂದರು. ಕೊನೆಗೆ ಪಕ್ಕದ ಮನೆಯವರನ್ನು ಕರೆದೆವು.

ಹಿಂದಿನ ಕೋಣೆಗೆ ಲಾರಿ ಕೇಳಿಸುವುದಿಲ್ಲ. ಆದರೂ ಮೊದಲ ದಿನ ಬೆಳಗಿನ ಜಾವ ಎಚ್ಚರವಾಯಿತು. ಎಂದಿನಂತೆ ಇವರ ಎದೆಯತ್ತ ಕೈ ಚಾಚಲು ಹೋದೆ. ಆಗಲಿಲ್ಲ. ಇವರ ಬೆರಳುಗಳು ನನ್ನ ಮಣಿಕಟ್ಟನ್ನು ಹಿಡಿದಿದ್ದವು.

"ಎದ್ದಿದ್ದೀರಾ?"

"ಸುಮ್ನೆ ಮಲಕ್ಕೋ. ಎಣಿಸ್ತಾ ಇದ್ದೀನಿ."

ಈ ಮನೆಯಲ್ಲಿ ನಿಶ್ಚಿಂತೆಯಿಂದ ಮಲಗುತ್ತಿದ್ದವರು ಇವರೊಬ್ಬರೇ. ಇವರ ನಿದ್ದೆಯನ್ನೂ ನಾನೇ ಕೆಡಿಸಿದ್ದೆ.