ಎಡಗಿವಿಯ ಹತ್ತಿ

ಕಿವಿ ಸೋರುವ ಮಗು ನಮ್ಮ ಮನೆಗಳಿಗೆ ಹೊಸದಲ್ಲ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡುತ್ತೇವೆ, ಹತ್ತಿ ಇಡುತ್ತೇವೆ, ಬೆಳೆಯುತ್ತಾ ಸರಿಹೋಗುತ್ತದೆ ಎನ್ನುತ್ತೇವೆ. ಮಗು ಹುಡುಗಿಯಾದರೆ ಇನ್ನೊಂದು ಮಾತನ್ನೂ ಸೇರಿಸುತ್ತೇವೆ: ಯಾರಿಗೂ ಹೇಳಬೇಡ.

ರೊವೀನಾಗೆ ಆ ಮಾತು ಹೇಳಿದ್ದು ಅವಳ ತಾಯಿ, ಮಂಗಳೂರಿನಲ್ಲಿ. ಈಗ ತಾಯಿ ಇಲ್ಲ. ರೊವೀನಾ ಮೆಲ್ಬರ್ನಿನ ಟಾರ್ನೀಟ್‌ನಲ್ಲಿದ್ದಾಳೆ, ಮಕ್ಕಳ ಡೇಕೇರ್‌ನಲ್ಲಿ ಕೆಲಸ ಮಾಡುತ್ತಾಳೆ, ಅವಳಿಗೇ ಕಾಲೇಜಿಗೆ ಹೋಗುವ ಮಗಳಿದ್ದಾಳೆ. ಆದರೂ ಬೆಳಿಗ್ಗೆ ಎದ್ದು, ಬಾತ್‌ರೂಮಿನ ಚಿಲಕ ಹಾಕಿಕೊಂಡು ಅವಳು ಮಾಡುವ ಮೊದಲ ಕೆಲಸ ಎಡಗಿವಿಯ ಹತ್ತಿ ಬದಲಿಸುವುದು. ಹಳದಿಯಾದ ಹತ್ತಿಯನ್ನು ಕಾಗದದಲ್ಲಿ ಸುತ್ತಿ, ಅದನ್ನು ಮತ್ತೊಂದು ಕಾಗದದಲ್ಲಿ ಸುತ್ತಿ, ಕಸದ ಬುಟ್ಟಿಯ ತಳಕ್ಕೆ ತುರುಕುತ್ತಾಳೆ. ಹೊಸ ಹತ್ತಿಗೆ ಒಂದು ತೊಟ್ಟು ಸೆಂಟು. ಕೂದಲು ಎಡಕ್ಕೆ ಇಳಿಬಿಡುತ್ತಾಳೆ. ಚರ್ಚಿನಲ್ಲಿ ಗೋಡೆ ತನ್ನ ಎಡಕ್ಕೆ ಬರುವ ಹಾಗೆ ಕೂರುತ್ತಾಳೆ. ಟ್ರೇನಿನಲ್ಲಿ ಎಡಕ್ಕೆ ಕಿಟಕಿ ಸಿಗದಿದ್ದರೆ ನಿಂತೇ ಹೋಗುತ್ತಾಳೆ.

ಒಮ್ಮೆ ಡೇಕೇರ್‌ನಲ್ಲಿ ಒಂದು ಮಗು ಕಥೆ ಕೇಳಲು ಅವಳ ತೊಡೆಯ ಮೇಲೆ ಕುಳಿತಿತ್ತು. ತಲೆಯನ್ನು ಅವಳ ಎಡಭುಜಕ್ಕೆ ಒರಗಿಸಿದ ಮಗು ಸ್ವಲ್ಪ ಹೊತ್ತಿಗೆ ಎದ್ದು ಬಲಕ್ಕೆ ಬಂದು ಕುಳಿತುಕೊಂಡಿತು. ಅಷ್ಟೇ. ಮಗು ಅದನ್ನು ಆಗಲೇ ಮರೆತಿರಬೇಕು. ರೊವೀನಾ ಮಾತ್ರ ಆಟಿಕೆಗಳ ಕೋಣೆಗೆ ಹೋಗಿ ಗೋಡೆಗೆ ಹಣೆ ಕೊಟ್ಟು ನಿಂತಳು.

ಸಿಡ್ನಿಯ ಲಿವರ್‌ಪೂಲ್‌ನಲ್ಲಿ ಅವಳ ಅಕ್ಕ ಪ್ರೆಸಿಲ್ಲಾ ಇದ್ದಾಳೆ. ಅಕ್ಕನ ಮಗಳು ಜೊವಾನ್‌ಗೆ ಮದುವೆ ಗೊತ್ತಾಯಿತು. ರೊವೀನಾಳ ಗಂಡ ಲೆಸ್ಟರ್‌ಗೆ ರಜೆ ಸಿಗಲಿಲ್ಲ, ಮಗಳಿಗೆ ಪರೀಕ್ಷೆ. ರೊವೀನಾ ಒಬ್ಬಳೇ ಹೊರಟಳು.

ಮದುವೆಯ ಹಿಂದಿನ ದಿನ ಮಂಗಳೂರಿನ ಕ್ರೈಸ್ತರಾದ ನಮ್ಮವರಲ್ಲಿ ರೋಸ್ ಇರುತ್ತದೆ. ಮದುಮಗಳನ್ನು ಕೂರಿಸಿ, ತಲೆಗೆ ಎಣ್ಣೆ, ಮೈಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ. ಪ್ರೆಸಿಲ್ಲಾಳ ಮನೆಯ ಹಿತ್ತಲಿನ ಹುಲ್ಲಿನ ಮೇಲೆ ನೀಲಿ ಪ್ಲಾಸ್ಟಿಕ್ ಹಾಸಿದ್ದರು. ಅಂಗಡಿಯಿಂದ ತಂದ ಟಿನ್ನುಗಳನ್ನು ಒಡೆದು ದೊಡ್ಡ ಪಾತ್ರೆಗೆ ಹಾಲು ಸುರಿದಿದ್ದರು. ಹಿರಿಯರು ಮೆಲ್ಲಗೆ ಹಚ್ಚಿದರು. ಹುಡುಗರ ಸರದಿ ಬಂದದ್ದೇ ತಡ, ಮದುಮಗಳನ್ನು ಬಿಟ್ಟು ಚಿಕ್ಕಮ್ಮಂದಿರನ್ನು ಹಿಡಿದರು. ಯಾರೋ ಹಿಂದಿನಿಂದ ಬಂದು ಒಂದು ಚೊಂಬು ಹಾಲನ್ನು ರೊವೀನಾಳ ನೆತ್ತಿಯಿಂದ ಸುರಿದರು.

ತಣ್ಣನೆಯ ಹಾಲು ಎಡಗಿವಿಗೆ ಇಳಿಯಿತು. ಹಿತ್ತಲು ಗಿರ್ರನೆ ತಿರುಗಿತು. ಬೇಲಿ ಮೇಲಾಯಿತು, ಆಕಾಶ ಕೆಳಗಾಯಿತು. ಪಕ್ಕದಲ್ಲಿ ನಿಂತಿದ್ದ ಹೆಂಗಸು ಹಿಡಿಯದಿದ್ದರೆ ಅವಳು ಬಿದ್ದೇಬಿಡುತ್ತಿದ್ದಳು. ಆ ಹೆಂಗಸು ಅಕ್ಕನ ಪಕ್ಕದ ಮನೆಯ ನಿಶ್ಮಿತಾ, ಉಡುಪಿಯವಳು. ಹಿಡಿಯುವ ಗಡಿಬಿಡಿಯಲ್ಲಿ ಹತ್ತಿ ಜಾರಿ ಹಾಲಿನ ಪಾತ್ರೆಗೆ ಬಿತ್ತು.

"ಎಂತ ವಾಸನೆ ಇದು?" ಎಂದು ಹುಡುಗನ ಕಡೆಯ ಒಬ್ಬರು ಆಂಟಿ ಮೂಗು ಮುಚ್ಚಿಕೊಂಡರು.

ಪ್ರೆಸಿಲ್ಲಾ ಒಂದು ಕ್ಷಣವೂ ತಡೆಯಲಿಲ್ಲ. "ಹಾಲು ಹಾಳಾಗಿದೆ! ಟಿನ್ನಿನ ಹಾಲು ನಂಬ್ಲಿಕ್ಕೇ ಆಗೂದಿಲ್ಲ ಮಾರಾಯ್ರೆ!" ಎನ್ನುತ್ತಾ ಪಾತ್ರೆಯನ್ನೇ ಎತ್ತಿ ಗುಲಾಬಿ ಗಿಡದ ಬುಡಕ್ಕೆ ಸುರಿದಳು. ಶಾಸ್ತ್ರ ಅಲ್ಲಿಗೇ ನಿಂತಿತು. ಇನ್ನೂ ಹಾಲು ಹಚ್ಚದ ಎಷ್ಟೋ ಜನ ಕೈ ಒರೆಸಿಕೊಂಡು ಸರಿದರು. ಅರ್ಧ ನೆನೆದ ಮದುಮಗಳು ಕುರ್ಚಿಯ ಮೇಲೆ ಏನೂ ತಿಳಿಯದೆ ನೋಡುತ್ತಿದ್ದಳು.

ತನ್ನ ಕೊಳೆಯಿಂದ ಮಗಳಂಥ ಹುಡುಗಿಯ ರೋಸ್ ನಿಂತುಹೋಯಿತು. ರೊವೀನಾಗೆ ಅಲ್ಲೇ ಆ ಹುಲ್ಲಿನೊಳಗೆ ಇಳಿದುಹೋಗಬೇಕು ಅನ್ನಿಸಿತು. ಗೋಡೆ ಹಿಡಿದುಕೊಂಡು ಬಾತ್‌ರೂಮ್ ಸೇರಿದಳು. ನಿಶ್ಮಿತಾ ಹಿಂದೆಯೇ ಬಂದಳು.

"ಬಾಗಿಲು ಹಾಕ್ಬೇಡಿ ರೊವೀನಕ್ಕ."

"ಎಂತ ಇಲ್ಲ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಅದಕ್ಕೆ ತಲೆ ತಿರುಗಿದ್ದು."

"ನಾನು ಆಪರೇಷನ್ ಥಿಯೇಟರಿನ ನರ್ಸ್. ಹೆಚ್ಚಾಗಿ ಕಿವಿ, ಮೂಗು, ಗಂಟಲಿನದ್ದೇ ಕೆಲಸ. ಈ ಸುಳ್ಳು ನನ್ನ ಹತ್ರ ನಡಿಯೂದಿಲ್ಲ. ಕಿವಿ ಎಷ್ಟು ಸಮಯದಿಂದ ಸೋರ್ತದೆ? ಯಾವಾಗ್ಲೂ ಹೀಗೇ ವಾಸನೆ ಬರ್ತದಾ?"

ಇಷ್ಟು ವರ್ಷಗಳಲ್ಲಿ ಯಾರೂ ಅವಳನ್ನು ಹೀಗೆ ನೇರವಾಗಿ ಕೇಳಿರಲಿಲ್ಲ. ಉಟ್ಟ ಬಟ್ಟೆಯನ್ನು ಯಾರೋ ಎಳೆದ ಹಾಗಾಯಿತು. ಹೌದೆಂದು ತಲೆಯಾಡಿಸಿದಳು.

ನಿಶ್ಮಿತಾ ಟವೆಲ್ ತೆಗೆದು ಅವಳ ಕೂದಲು ಒರೆಸಿದಳು, ಕಿವಿಯ ಹೊರಬದಿ ಒರೆಸಿದಳು. ಮೂಗು ಮುಚ್ಚಿಕೊಳ್ಳಲಿಲ್ಲ.

"ಇದು ಏನು ಅಂತ ಡಾಕ್ಟರೇ ನೋಡಿ ಹೇಳ್ಬೇಕು. ಆದ್ರೆ ಇಂಥದ್ದು ನಾನು ಎಷ್ಟೋ ನೋಡಿದ್ದೇನೆ. ಕಿವಿ ತಮಟೆಯ ಹಿಂದೆ, ಬೆಳೀಬಾರದ ಜಾಗದಲ್ಲಿ ಚರ್ಮ ಬೆಳೀತದೆ. ಸತ್ತ ಚರ್ಮ ಹೊರಗೆ ಬರ್ಲಿಕ್ಕೆ ದಾರಿ ಇಲ್ಲ. ಅಲ್ಲೇ ಉಂಡೆ ಕಟ್ಟಿ ಕೊಳೀತದೆ. ವಾಸನೆ ಅದರದ್ದು ಅಕ್ಕ. ನಿಮ್ಮದಲ್ಲ."

"ಕ್ಯಾನ್ಸರಾ?"

"ಕ್ಯಾನ್ಸರ್ ಅಲ್ಲ. ಹಾಗಂತ ಸುಮ್ನೆ ಕೂರುವ ಜಾತಿಯೂ ಅಲ್ಲ. ಸುತ್ತಲಿನ ಮೂಳೆಯನ್ನು ತಿಂತಾ ಹೋಗ್ತದೆ. ಕೇಳಿಸುವ ಸಣ್ಣ ಮೂಳೆ, ತಲೆ ತಿರುಗದ ಹಾಗೆ ನೋಡಿಕೊಳ್ಳುವ ಭಾಗ, ಮುಖದ ನರ, ಎಲ್ಲ ಅಲ್ಲೇ ಉಂಟು. ಅದರ ಮೇಲೆ ಮಿದುಳು. ಈಗ ತಲೆ ತಿರುಗಿತಲ್ಲ, ಇನ್ನು ಕಾಯ್ಲಿಕ್ಕೆ ಇಲ್ಲ. ಇವತ್ತೇ ಡಾಕ್ಟರಿಗೆ ತೋರಿಸ್ಬೇಕು."

ಅಷ್ಟರಲ್ಲಿ ಪ್ರೆಸಿಲ್ಲಾ ಒಳಬಂದು ಬಾಗಿಲು ಮುಚ್ಚಿದಳು. ಕೈಗೆಲ್ಲ ತೆಂಗಿನ ಹಾಲು.

"ಇವತ್ತಾ? ನಾಳೆ ಮದುವೆ! ಹುಡುಗನ ಕಡೆಯವರು ಎಲ್ಲ ಇದ್ದಾರೆ. ಮನೆತನದ ಕಾಯಿಲೆ ಅಂತ ಹೇಳಿದ್ರೆ? ರೊವಿ, ಮದುವೆ ಮುಗೀಲಿ. ಅಲ್ಲಿಯವರೆಗೆ ಎರಡು ತೊಟ್ಟು ಎಣ್ಣೆ ಬಿಡ್ತೇನೆ."

"ಎಣ್ಣೆ ಬೇಡ ಆಂಟಿ!" ನಿಶ್ಮಿತಾ ಅವಳ ಕೈ ಹಿಡಿದಳು. "ತಮಟೆ ತೂತಾಗಿದ್ರೆ ಅದು ಸೀದಾ ಒಳಗೆ ಹೋಗ್ತದೆ. ಎಣ್ಣೆ, ನೀರು, ಹಾಲು, ಬಡ್ಸ್, ಯಾವುದೂ ಬೇಡ."

"ಮತ್ತೆ ಇದಕ್ಕೆ ಎಂತ ಮದ್ದು?" ಪ್ರೆಸಿಲ್ಲಾ ಕೇಳಿದಳು.

"ಸೋಂಕಿಗೆ ಡ್ರಾಪ್ಸ್ ಕೊಡ್ತಾರೆ. ಆದ್ರೆ ನಾನು ಹೇಳಿದ್ದೇ ಹೌದಾದ್ರೆ, ಬುಡ ತೆಗೀಲಿಕ್ಕೆ ಆಪರೇಷನ್ನೇ ಆಗ್ಬೇಕು. ಕಿವಿ ಹಿಂದಿನ ಮೂಳೆಯನ್ನು ಡ್ರಿಲ್ಲಿನಲ್ಲಿ ತೆಗೆದು ಒಳಗೆ ಹೋಗ್ತಾರೆ."

ಪ್ರೆಸಿಲ್ಲಾ ಬಾತ್‌ಟಬ್ಬಿನ ಅಂಚಿನ ಮೇಲೆ ಕುಳಿತುಬಿಟ್ಟಳು. "ತಲೆಬುರುಡೆಗೆ ಡ್ರಿಲ್ಲಾ! ದೇವರೇ! ನಮ್ಮ ಯಜಮಾನ್ರು ಫೋಟೋ ಹಾಕ್ಲಿಕ್ಕೆ ಅಂತ ಗೋಡೆಗೆ ಡ್ರಿಲ್ ಹಾಕಿ ನೀರಿನ ಪೈಪೇ ಒಡೆದ್ರು. ಅಡುಗೆಮನೆ ಪೂರಾ ಕೆರೆ."

ರೊವೀನಾಗೆ ಆ ಸ್ಥಿತಿಯಲ್ಲೂ ನಗು ಬಂತು. ನಗುವಾಗ ಕಣ್ಣಲ್ಲಿ ನೀರೂ ಬಂತು.

"ಅಂಕಲ್ ಗೋಡೆಯ ಒಳಗೆ ನೋಡದೆ ಹಾಕಿದ್ದು ಆಂಟಿ. ಇಲ್ಲಿ ಮೊದಲೇ ಸ್ಕ್ಯಾನ್ ಮಾಡಿ ಎಲ್ಲಿ ಏನುಂಟು ಅಂತ ನೋಡಿಕೊಳ್ತಾರೆ. ಮತ್ತೆ ಮೈಕ್ರೋಸ್ಕೋಪಿನಲ್ಲಿ ದೊಡ್ಡದು ಮಾಡಿ ನೋಡ್ತಾ ನೋಡ್ತಾ ಮಾಡುದು. ಡ್ರಿಲ್ ಅಂದ್ರೆ ನಿಮ್ಮ ಗ್ಯಾರೇಜಿನದ್ದಲ್ಲ, ಪೆನ್ನಿನ ಹಾಗೆ ಹಿಡಿಯುವಂಥದ್ದು. ತುದಿಯಲ್ಲಿ ಸಣ್ಣ ಗುಂಡು. ಮೇಲಿನ ಗಟ್ಟಿ ಮೂಳೆಗೆ ಹಲ್ಲಿರುವ ಗುಂಡು, ನರ ಹತ್ತಿರ ಬಂದ ಹಾಗೆ ವಜ್ರದ ಪುಡಿ ಹಚ್ಚಿದ ಗುಂಡು. ಅದು ಮೆಲ್ಲಗೆ ಉಜ್ಜಿ ಸವೆಸ್ತದೆ, ಅಷ್ಟೇ."

"ವಜ್ರವಾ? ನಮ್ಮ ಜೊವಾನ್‌ಳ ಉಂಗುರದಲ್ಲೂ ಇಲ್ಲ."

"ಬಿಸಿ ಆಗ್ಬಾರದು ಅಂತ ನೀರು ಬಿಡ್ತಾನೇ ಇರ್ತಾರೆ. ಆ ನೀರನ್ನೂ ಮೂಳೆಯ ಪುಡಿಯನ್ನೂ ಇನ್ನೊಂದು ನಳಿಕೆ ಎಳ್ಕೊಳ್ತದೆ. ಮುಖದ ನರವನ್ನು ಕಾಯ್ಲಿಕ್ಕೆ ಒಂದು ಯಂತ್ರ ಇಡ್ತಾರೆ. ನರಕ್ಕೆ ತಾಗುವ ಹಾಗಾದ್ರೆ ಅದು ಕೂಗಿ ಎಚ್ಚರಿಸ್ತದೆ. ರೊವೀನಕ್ಕನಿಗೆ ಇದ್ಯಾವುದೂ ಗೊತ್ತಾಗೂದಿಲ್ಲ, ಪೂರ್ತಿ ನಿದ್ದೆ."

"ಎಡವಟ್ಟು ಆಗುದೇ ಇಲ್ವಾ?" ರೊವೀನಾ ಕೇಳಿದಳು.

"ಆಗೂದೇ ಇಲ್ಲ ಅಂತ ನಾನು ಹೇಳೂದಿಲ್ಲ. ತೀರಾ ಅಪರೂಪಕ್ಕೆ ಮುಖದ ನರಕ್ಕೆ ಪೆಟ್ಟಾಗ್ತದೆ. ಕೇಳಿಸುದು ಕಡಿಮೆ ಆಗ್ಬಹುದು. ಡಾಕ್ಟರ್ ಎಲ್ಲ ಬಿಡಿಸಿ ಹೇಳ್ತಾರೆ, ಕೇಳಿ. ಆದ್ರೆ ಬಿಟ್ರೆ ಆ ನರವನ್ನು ಕಾಯಿಲೆಯೇ ತಿಂತದೆ. ಅದಕ್ಕೆ ಮೈಕ್ರೋಸ್ಕೋಪೂ ಇಲ್ಲ, ಕರುಣೆಯೂ ಇಲ್ಲ."

ಪ್ರೆಸಿಲ್ಲಾ ತಂಗಿಯ ಮುಖವನ್ನು ನೋಡಿದಳು. ಆ ಮುಖ ಒಂದು ಕಡೆ ಜೋತುಬಿದ್ದರೆ ಹೇಗಿರಬಹುದೆಂದು ಯೋಚಿಸಿದಳೋ ಏನೋ. "ಹೋಗು," ಎಂದಳು ಕೊನೆಗೆ. "ಯಾರಾದ್ರೂ ಕೇಳಿದ್ರೆ ಸೀರೆಗೆ ಪಿನ್ ತರ್ಲಿಕ್ಕೆ ಹೋಗಿದ್ದಾಳೆ ಅಂತೇನೆ."

ಆ ಮಧ್ಯಾಹ್ನವೇ ಲಿವರ್‌ಪೂಲ್‌ನ ಒಂದು ಕ್ಲಿನಿಕ್ಕಿನಲ್ಲಿ ಡಾಕ್ಟರ್ ಕಿವಿ ನೋಡಿದರು. ಡ್ರಾಪ್ಸ್ ಕೊಟ್ಟರು, ಕಿವಿಗೆ ನೀರು ತಾಗಿಸಬೇಡಿ ಎಂದರು, ಮೆಲ್ಬರ್ನಿನಲ್ಲಿ ತಡಮಾಡದೆ ಕಿವಿಯ ತಜ್ಞರನ್ನು ಕಾಣಲು ಬರೆದುಕೊಟ್ಟರು. ಮರುದಿನ ಮದುವೆಯಲ್ಲಿ ರೊವೀನಾ ನಗುತ್ತಲೇ ಇದ್ದಳು. ಆದರೆ ಮದುಮಗಳು ಅಪ್ಪಿಕೊಳ್ಳಲು ಬಂದಾಗ ಬಲಗೆನ್ನೆಯನ್ನೇ ಕೊಟ್ಟಳು.

ಮೆಲ್ಬರ್ನ್ ಏರ್‌ಪೋರ್ಟಿಗೆ ಲೆಸ್ಟರ್ ಕಾರು ತಂದಿದ್ದ. ಊರಿನಂತೆ ಇಲ್ಲೂ ಕಾರಿನಲ್ಲಿ ಡ್ರೈವರ್ ಬಲಕ್ಕೆ ಕೂರುವುದು ಅವಳಿಗೆ ಯಾವಾಗಲೂ ದೊಡ್ಡ ಸಮಾಧಾನ; ಎಡಗಿವಿ ಕಿಟಕಿಯ ಕಡೆಗೇ ಇರುತ್ತದೆ. ಗಂಡನ ಮುಖ ನೋಡದೆ, ಎದುರಿನ ರಸ್ತೆಗೇ ಹೇಳುವಂತೆ ಹೇಳಿದಳು.

"ಲೆಸ್ಟರ್, ನನ್ನ ಎಡಗಿವಿ ಸೋರ್ತದೆ. ನಮ್ಮ ಮದುವೆಗೆ ಮೊದಲಿನಿಂದ. ವಾಸನೆ ಬರ್ತದೆ."

ಲೆಸ್ಟರ್ ಕಾರಿನ ವೇಗ ತಗ್ಗಿಸಿದ. ನಂತರ, "ಗೊತ್ತುಂಟು ರೊವಿ," ಎಂದ.

"ಯಾವಾಗಿನಿಂದ?"

"ಮೊದಲಿನಿಂದ. ಚಳಿಗಾಲದಲ್ಲೂ ಫ್ಯಾನ್ ಹಾಕ್ತೇನೆ ಅಂತ ನೀನು ಬೈತಿದ್ದೆಯಲ್ಲ, ಅದು ಇದಕ್ಕೇ. ಹೇಳಿದ್ರೆ ನಿನಗೆ ಬೇಜಾರಾಗ್ತದೆ ಅಂತ ಹೇಳಲಿಲ್ಲ."

ಅವಳು ಕಿಟಕಿಯ ಕಡೆ ತಿರುಗಿದಳು. ಕಾಗದದೊಳಗೆ ಕಾಗದ ಸುತ್ತಿ ಎಸೆದ ಅಷ್ಟೂ ಬೆಳಗುಗಳು ಕಣ್ಣ ಮುಂದೆ ಬಂದವು. ಯಾರಿಂದ ಅಡಗಿಸಿದ್ದಳೋ ಅವನಿಗೇ ಗೊತ್ತಿತ್ತು. ಅವನ ಹಾಗೆ ಇನ್ನೆಷ್ಟು ಜನಕ್ಕೆ ಗೊತ್ತಿತ್ತೋ. ಸಿಟ್ಟು ಬಂತು, ಸಿಟ್ಟಿಗಿಂತ ಹೆಚ್ಚು ನಾಚಿಕೆ ಬಂತು.

"ಬೇಜಾರಾಗಿದ್ರೆ ಆಗ್ತಿತ್ತು," ಎಂದಳು. "ಕಿವಿಯಾದ್ರೂ ಉಳೀತಿತ್ತು."

"ತಪ್ಪಾಯ್ತು," ಎಂದ ಲೆಸ್ಟರ್. "ಡಾಕ್ಟರ ಹತ್ರ ನಾನೂ ಬರ್ತೇನೆ."

ತಜ್ಞ ವೈದ್ಯೆ ಕಿವಿಯೊಳಗೆ ನೋಡಿದರು, ಸ್ಕ್ಯಾನ್ ಮಾಡಿಸಿದರು, ಎಷ್ಟು ಕೇಳಿಸುತ್ತದೆಂದು ಪರೀಕ್ಷೆ ಮಾಡಿಸಿದರು. ನಿಶ್ಮಿತಾ ಹೇಳಿದ ಕಾಯಿಲೆಯೇ ಆಗಿತ್ತು. ಎಷ್ಟು ಕಾಲದಿಂದ ಎಂದು ಕೇಳಿದಾಗ ರೊವೀನಾಳ ಬಾಯಿಂದ ಅಭ್ಯಾಸಬಲದಿಂದ "ಆರು ತಿಂಗಳು" ಎಂದು ಬಂತು. ವೈದ್ಯೆ ಸ್ಕ್ಯಾನಿನ ಚಿತ್ರವನ್ನು ಅವಳ ಕಡೆ ತಿರುಗಿಸಿದರು. ಬಲಗಿವಿಯ ಹತ್ತಿರ ಮೂಳೆ ಗಟ್ಟಿಯಾಗಿ ಬೆಳ್ಳಗಿತ್ತು. ಎಡಕ್ಕೆ ಅದೇ ಜಾಗ ತಿಂದುಹೋಗಿ ಟೊಳ್ಳಾಗಿತ್ತು. ಅವಳು ಬಚ್ಚಿಟ್ಟದ್ದನ್ನೆಲ್ಲ ಅವಳ ಮೂಳೆಯೇ ಹೇಳುತ್ತಿತ್ತು.

"ಚಿಕ್ಕಂದಿನಿಂದ," ಎಂದಳು ತಲೆ ತಗ್ಗಿಸಿ.

"ಹೇಳಿದ್ದು ಒಳ್ಳೆಯದಾಯಿತು," ಎಂದರು ವೈದ್ಯೆ. "ಮುಖದ ನರದ ಮೇಲಿನ ಮೂಳೆ ತೆಳುವಾಗಿದೆ. ಅಲ್ಲಿಗೆ ತುಂಬಾ ನಿಧಾನವಾಗಿ ಹೋಗುತ್ತೇನೆ."

ಆಪರೇಷನ್ ಆಯಿತು. ಎಚ್ಚರವಾದಾಗ ನರ್ಸ್ ಮೊದಲು ಹೇಳಿದ್ದು, ನಗಿ, ಕಣ್ಣು ಬಿಗಿಯಾಗಿ ಮುಚ್ಚಿ ಎಂದು. ರೊವೀನಾ ನಕ್ಕಳು. ತುಟಿ ಎರಡೂ ಬದಿಗೆ ಸಮವಾಗಿ ಹೋಯಿತು. ಲೆಸ್ಟರ್ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡ.

ಎಲ್ಲವೂ ಮೊದಲಿನಂತಾಗಲಿಲ್ಲ. ಕೇಳಿಸುವ ಸಣ್ಣ ಮೂಳೆಯೊಂದನ್ನು ಕಾಯಿಲೆ ಆಗಲೇ ತಿಂದಿತ್ತು. ಆ ಕಿವಿಗೆ ಕೇಳಿಸುವುದು ಕಡಿಮೆಯೇ. ನಾಲಿಗೆಯ ಒಂದು ಬದಿಗೆ ಕೆಲವು ಕಾಲ ಲೋಹದ ರುಚಿ ಇತ್ತು. ಕಾಯಿಲೆ ಮರಳಿ ಬರಬಹುದಾದ್ದರಿಂದ ವರ್ಷಗಟ್ಟಲೆ ತೋರಿಸುತ್ತಿರಬೇಕು. ಆದರೆ ಗಾಯ ಮಾಗುತ್ತಾ ಬಂದಂತೆ ಸೋರುವುದು ನಿಂತಿತು, ವಾಸನೆ ನಿಂತಿತು.

ಆರೈಕೆಗೆ ಸಿಡ್ನಿಯಿಂದ ಪ್ರೆಸಿಲ್ಲಾ ಬಂದಿದ್ದಳು. ಒಂದು ದಿನ ಅಕ್ಕ ತಂಗಿ ಟಾರ್ನೀಟ್‌ನ ಇಂಡಿಯನ್ ಅಂಗಡಿಗೆ ಹೋದರು. ಕುಚ್ಚಲಕ್ಕಿಯ ಚೀಲದ ಹತ್ತಿರ ಚರ್ಚಿನ ಪರಿಚಯದ ಹೆಂಗಸೊಬ್ಬಳು ಸಿಕ್ಕಿದಳು. ರೊವೀನಾಳ ಕಿವಿಯ ಹಿಂದಿನ ಗೀರನ್ನು ನೋಡಿ, "ಅಯ್ಯೋ, ಏನಾಯ್ತು?" ಎಂದಳು.

ಪ್ರೆಸಿಲ್ಲಾ ಬಾಯಿ ತೆರೆದಳು. ಮೆಟ್ಟಿಲಿನಿಂದ ಬಿದ್ದಳು ಎಂಬ ಮಾತು ಅಲ್ಲಿ ಸಿದ್ಧವಾಗಿತ್ತು. ತಂಗಿಯ ಮುಖ ನೋಡಿ ಬಾಯಿ ಮುಚ್ಚಿಕೊಂಡಳು.

ರೊವೀನಾಳ ಕೆನ್ನೆ ಬಿಸಿಯಾಯಿತು. ಸುತ್ತ ನಾಲ್ಕು ಜನ ಇದ್ದರು. "ಕಿವಿ ಸೋರ್ತಿತ್ತು," ಎಂದಳು. "ತುಂಬಾ ವರ್ಷದಿಂದ. ವಾಸನೆ ಬರ್ತಿತ್ತು. ನಾಚಿಕೆಯಿಂದ ಯಾರಿಗೂ ಹೇಳಿರ್ಲಿಲ್ಲ. ಈಗ ಆಪರೇಷನ್ ಆಯ್ತು." ಹೇಳುವಾಗ ಅವಳ ದನಿ ನಡುಗಿತು, ಕಣ್ಣು ನೆಲದಲ್ಲೇ ಇತ್ತು. ಆದರೂ ಕೊನೆಯವರೆಗೆ ಹೇಳಿದಳು.

ಓದುತ್ತಿರುವ ಅಕ್ಕ ತಂಗಿಯರೇ, ನಿಮ್ಮ ಕಿವಿಯೋ, ಮಗಳ ಕಿವಿಯೋ, ಅತ್ತೆಯ ಕಿವಿಯೋ ಪದೇ ಪದೇ ಸೋರುತ್ತಿದ್ದರೆ, ವಾಸನೆ ಬರುತ್ತಿದ್ದರೆ, ಕೇಳಿಸುವುದು ಕಡಿಮೆಯಾಗುತ್ತಿದ್ದರೆ, ಎಣ್ಣೆ ಬಿಡಬೇಡಿ, ನಿಮ್ಮ ಡಾಕ್ಟರಿಗೆ ತೋರಿಸಿ. ಇಂಗ್ಲಿಷ್ ಕಷ್ಟವಾದರೆ ದುಭಾಷಿ ಬೇಕೆಂದು ಕೇಳಿ. ಸೋರುವ ಕಿವಿಯ ಜೊತೆ ತಲೆ ತಿರುಗಿದರೆ, ಮುಖ ಒಂದು ಬದಿಗೆ ಜೋತುಬಿದ್ದರೆ, ಜ್ವರದೊಂದಿಗೆ ತಲೆ ಸಿಡಿಯುತ್ತಿದ್ದರೆ, ಕಾಯದೆ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ಪಕ್ಕದಲ್ಲಿ ಮಲಗುವವರಿಗೆ ಗೊತ್ತಿದ್ದರೆ, ಅವರೂ ಬಾಯಿ ಬಿಟ್ಟು ಹೇಳಲಿ.

ನಾಚಿಕೆ ಪಡಬೇಡಿ ಎಂದು ನಾವು ಹೇಳುವುದಿಲ್ಲ. ಹೇಳಿದ ಮಾತ್ರಕ್ಕೆ ನಾಚಿಕೆ ಹೋಗುವುದಿಲ್ಲ. ತಲೆ ತಗ್ಗಿಸಿಕೊಂಡೇ ಹೋಗಿ, ತೊದಲುತ್ತಲೇ ಹೇಳಿ. ಆದರೆ ಹೋಗಿ.