ಅಲ್ಲಿ ಕಲ್ಲು ಮೆತ್ತಗ ಇರ್ತಾವೇನ್ರಿ

ಹಾರೆ ಮತ್ತೆ ನೆಲದ ಕೆಂಪು ಮುರಕಲ್ಲಿಗೆ ಬಡಿದು ಠಣ್ ಎಂದಿತು. ಭೀಮೇಶ ಅದನ್ನು ಎತ್ತಿ ಇನ್ನೊಂದು ಕಡೆ ಹಾಕಿದ. ಅಲ್ಲೂ ಅದೇ. ಮೊಣಕಾಲಿನಷ್ಟು ಆಳದ ಗುಂಡಿಯಲ್ಲಿ ನಿಂತಲ್ಲೇ ಅವನಿಗೆ ಕೆಮ್ಮು ಹತ್ತಿತು. ಅದು ನಿಲ್ಲುವವರೆಗೆ ಜೊತೆಯ ಇಬ್ಬರು ಅವನ ಮುಖ ನೋಡದೆ ಮಣ್ಣು ಎಳೆದರು.

"ಸಾಕು ಮಾರಾಯ, ಇನ್ನು ಸ್ವಲ್ಪ ತೆಗೆದರೆ ಆಯಿತು," ಎಂದ ಕಜೆಟನ್. ಅವನು ಕ್ರಶರಿನ ರೈಟರ್, ಆಳುಗಳ ಹಾಜರಿ ಹಾಕುವವನು. "ಮಧ್ಯಾಹ್ನ ಉಡುಪಿಗೆ ಜಲ್ಲಿಯ ಲೋಡು ಹೋಗಲಿಕ್ಕುಂಟು. ಧನಿಗಳು ರಜೆ ಕೊಟ್ಟದ್ದು ಬೆಳಗ್ಗಿಗೆ ಮಾತ್ರ."

"ನಾಯಿ ಕೆದರಬಾರದಲ್ರಿ," ಎಂದು ಭೀಮೇಶ ಮತ್ತೆ ಹಾರೆ ಎತ್ತಿದ.

ಗೇರುಮರದ ನೆರಳಲ್ಲಿ ಅವನ ಅಣ್ಣ ಹುಸೇನಪ್ಪ ಮಲಗಿದ್ದ. ನಲವತ್ತು ತುಂಬಿರಲಿಲ್ಲ. ಹೊದಿಸಿದ ಬಿಳಿ ಬಟ್ಟೆಯ ಕೆಳಗೆ ಒಂದು ಮೈ ಇದೆಯೆಂದು ಗೊತ್ತಾಗದಷ್ಟು ಸೊರಗಿಹೋಗಿದ್ದ. ತಲೆಯ ಬಳಿ ಕುಳಿತ ಹೆಂಡತಿ ಮರೆಮ್ಮ ಸೆರಗಿನಿಂದ ನೊಣ ಓಡಿಸುತ್ತಿದ್ದಳು. ಕಾರ್ಕಳದಿಂದ ಹಿರಿಯಡ್ಕಕ್ಕೆ ಹೋಗುವ ರಸ್ತೆಯಿಂದ ಒಳಗೆ, ಕ್ವಾರಿಯ ಹಿಂದಿನ ಗುಡ್ಡ ಅದು. ಊರಿನ ಸುಡುಗಾಡಿನಲ್ಲಿ ಹೂಳಲು ಜಾಗವಿರಲಿಲ್ಲ. ಸುಡುವುದು ಇವರ ಕುಲದಲ್ಲಿ ಇರಲಿಲ್ಲ. ಇವರಂತೆಯೇ ಲಿಂಗಸುಗೂರಿನ ಕಡೆಯಿಂದ ಕಲ್ಲುಕೆಲಸಕ್ಕೆ ಬಂದು ಸತ್ತ ಬೇರೆಯವರೂ ಇದೇ ಗೇರುಗಿಡಗಳ ನಡುವೆ ಮಲಗಿದ್ದರು. ಕಲ್ಲು ಒಡೆದೇ ಬದುಕಿದವರ ತಲೆದೆಸೆಯಲ್ಲಿ ಗುರುತಿಗೆ ಒಂದು ಕಲ್ಲೂ ಇರಲಿಲ್ಲ.

ಬೈಕಿನ ಸದ್ದು ಕೇಳಿಸಿತು. ವಿದ್ಯಾಧೀಶ ಚಪ್ಪಲಿಯನ್ನು ದೂರದಲ್ಲೇ ಬಿಟ್ಟು ಹತ್ತಿರ ಬಂದ. ಮಣಿಪಾಲದಲ್ಲಿ ಓದುತ್ತ, ಪಾಠ ಹೇಳುತ್ತ ಇದ್ದ ಎಳೆಯ ಡಾಕ್ಟರು. ಬೆಳಗ್ಗೆ ಭೀಮೇಶ ಕಾಯಿನ್ ಬೂತಿನಿಂದ ಫೋನ್ ಮಾಡಿದ್ದ. "ಅಣ್ಣ ಹೋದ್ರಿ ಸರ" ಎಂದಷ್ಟೇ ಹೇಳಿ ಇಟ್ಟಿದ್ದ.

ವಿದ್ಯಾಧೀಶ ಕೈಮುಗಿದು ಮರೆಮ್ಮನ ಎದುರು ಕುಕ್ಕುರುಗಾಲಿನಲ್ಲಿ ಕುಳಿತ. 

*

ಎರಡು ವರ್ಷದ ಹಿಂದೆ, ಎರಡು ಸಾವಿರದ ನಾಲ್ಕರಲ್ಲಿ, ವಿದ್ಯಾಧೀಶ ಮೊದಲ ಸಲ ಕ್ರಶರಿನ ತಗಡಿನ ಶೆಡ್ಡುಗಳಿಗೆ ಬಂದಿದ್ದ. ಎರಡು ದೇಶಗಳ ಕಲ್ಲುಕೆಲಸದವರ ಆಯುಷ್ಯ ಹೋಲಿಸುವುದು ಅವನ ಅಧ್ಯಯನ: ಒಂದು ಸ್ವೀಡನ್, ಇನ್ನೊಂದು ಭಾರತ, ಅದರಲ್ಲಿ ಈ ಕಾರ್ಕಳ. ಎಲ್ಲರಿಂದಲೂ ಉಸಿರಿನ ಬಲ ಅಳೆಯುವ ಕೊಳವೆಯೊಂದಕ್ಕೆ ಊದಿಸಿದ. ಹುಸೇನಪ್ಪ ಮೂರು ಸಲ ಊದಿದರೂ ಮುಳ್ಳು ಮೇಲೇಳಲಿಲ್ಲ.

"ಕ್ಷಯದ ಗುಳಿಗಿ ತಿಂದೀನ್ರಿ ಸರ. ಮುಗಿಸಿ ಮತ್ತ ತಿಂದೀನಿ. ಕಡಿಮಿ ಆಗವಲ್ದು."

"ಇದು ಕ್ಷಯ ಅಲ್ಲ ಅಂತ ನನಗೆ ಕಾಣುತ್ತದೆ. ಧೂಳು. ಒಳಗೆ ಹೋಗಿ ಶ್ವಾಸಕೋಶವನ್ನು ಗಟ್ಟಿ ಮಾಡಿದೆ."

ಆ ಸಂಜೆ ಚಹಾ ಕುಡಿಯುತ್ತ ಹುಸೇನಪ್ಪ ಆ ಸ್ವೀಡನ್ ದೇಶದ ಬಗ್ಗೆ ಕೇಳಿದ. ಅಲ್ಲಿನ ಕಲ್ಲುಕುಟಿಗರೂ ಹಿಂದೆ ಹೀಗೇ ಸಾಯುತ್ತಿದ್ದರು, ಈಗ ಅಲ್ಲಿಯ ಗಂಡಸರು ಎಂಬತ್ತರ ಹತ್ತಿರದವರೆಗೂ ಬದುಕುತ್ತಾರೆ ಎಂದು ವಿದ್ಯಾಧೀಶ ಹೇಳಿದ.

ಹುಸೇನಪ್ಪ ಲೋಟ ಕೆಳಗಿಟ್ಟ. "ಅಲ್ಲಿ ಕಲ್ಲು ಮೆತ್ತಗ ಇರ್ತಾವೇನ್ರಿ?"

"ಇಲ್ಲ. ಇದೇ ಕರಿಕಲ್ಲು. ಕೊರೆಯುವಾಗ, ಒಡೆಯುವಾಗ ನೀರು ಬಿಡುತ್ತಾರೆ. ಧೂಳು ಏಳುವುದಿಲ್ಲ."

"ನೀರೇನ್ರಿ?" ಹುಸೇನಪ್ಪನಿಗೆ ನಗು ಬಂತು, ನಗು ಕೆಮ್ಮಾಯಿತು. ಹೊರಗೆ ಜುಲೈ ತಿಂಗಳ ಮಳೆ ತಗಡಿನ ಮೇಲೆ ಸುರಿಯುತ್ತಿತ್ತು. "ನಮ್ಮೂರಾಗ ಕುಡಿಯಾಕ ಸೈತ ಇಲ್ಲ ಅಂತ ಇಲ್ಲಿಗೆ ಬಂದೀವ್ರಿ. ಇಲ್ಲಿ ನೀರಿಗೇನು ಬರ ಐತಿ?"

*

ಹುಸೇನಪ್ಪ ಕ್ರಶರಿನ ಧನಿಗಳ ಹತ್ತಿರ ಹೋಗಿ ನೀರು ಬಿಡಲು ಕೇಳಿದ. ಡಾಕ್ಟರುಗಳು ಬಂದುಹೋಗುತ್ತಿದ್ದ ದಿನಗಳಲ್ಲಿ ಮಿಷನ್ನಿನ ಮೇಲೆ ಒಂದು ಪೈಪು ಎಳೆದರು. ಅವರ ಬರುವಿಕೆ ನಿಂತ ಮೇಲೆ ನೀರೂ ನಿಂತಿತು. ಒದ್ದೆಯಾದ ಪುಡಿ ಜರಡಿಗೆ ಅಂಟಿಕೊಂಡು ಕೆಲಸ ನಿಧಾನವಾಗುತ್ತದೆ ಎಂದರು ಧನಿಗಳು.

ಮರುವರ್ಷದ ಬೇಸಗೆಯಲ್ಲಿ, ಧೂಳಿನಲ್ಲಿ ಪಕ್ಕದವನ ಮುಖವೇ ಕಾಣದಿದ್ದಾಗ, ಹುಸೇನಪ್ಪ ಮೇಲೆ ಹತ್ತಿ ತಾನೇ ನೀರಿನ ವಾಲ್ವು ತಿರುಗಿಸಿದ. ಧೂಳು ಕೂತಿತು. ಎದುರಿನ ಗುಡ್ಡ, ಮರ, ಜೊತೆಯವರ ಹುಬ್ಬು ಎಲ್ಲ ಕಾಣಿಸಿದವು. ಜರಡಿಯ ಹತ್ತಿರ ನಿಂತಿದ್ದ ಮರೆಮ್ಮ ಮುಖಕ್ಕೆ ಕಟ್ಟಿದ್ದ ಬಟ್ಟೆ ಬಿಚ್ಚಿ ಗಂಡನ ಕಡೆ ನೋಡಿ ನಕ್ಕಳು. ಸ್ವಲ್ಪ ಹೊತ್ತಿಗೆ ಜರಡಿ ಕಟ್ಟಿಕೊಂಡು ಮಿಷನ್ ನಿಂತಿತು.

ಆ ಸಂಜೆಯೇ ಅವನನ್ನು ಕೆಲಸದಿಂದ ಬಿಡಿಸಿದರು. ಬೇರೆ ಎರಡು ಕ್ರಶರುಗಳಲ್ಲಿ ಕೇಳಿದ. ಕೆಮ್ಮು ಕೇಳಿದವರು ಬೇಡವೆಂದರು. ತಿಂಗಳ ಬಳಿಕ ಮರಳಿ ಬಂದು ಧನಿಗಳ ಕಾಲು ಹಿಡಿದು ಕೆಲಸಕ್ಕೆ ಸೇರಿಕೊಂಡ. ಆಮೇಲೆ ಅವನು ನೀರಿನ ಮಾತೆತ್ತಲಿಲ್ಲ. ವಿದ್ಯಾಧೀಶ ಒಬ್ಬನೇ ಆಗಾಗ ಬಂದು ಕೇಳಿದರೂ, "ಎಲ್ಲಾ ಚಲೋ ಐತ್ರಿ" ಎನ್ನುತ್ತಿದ್ದ. ಮೊದಲು ಕಲ್ಲು ಎತ್ತುವುದು ಬಿಟ್ಟ. ನಂತರ ನಡೆಯುವುದು. ಕಡೆಯ ಮಳೆಗಾಲವನ್ನು ಗೋಡೆಗೆ ಒರಗಿ ಕೂತೇ ಕಳೆದ. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಅವನನ್ನು ನೋಡಿಕೊಳ್ಳಲು ಕೆಲಸ ಬಿಟ್ಟ ಮರೆಮ್ಮ ಬೆನ್ನಿಗೆ ಬೆನ್ನು ಕೊಟ್ಟು ಕೂತೇ ನಿದ್ದೆ ಮಾಡುವುದನ್ನು ಕಲಿತಳು.

*

"ಮರೆಮ್ಮ," ಎಂದ ವಿದ್ಯಾಧೀಶ, ಹೆಣದ ಬಳಿ ಕುಳಿತಲ್ಲಿಂದಲೇ. "ಒಂದು ಮಾತು ಕೇಳಬೇಕು. ತಪ್ಪು ತಿಳಿಯಬೇಡಿ."

ಅವಳು ತಲೆಯೆತ್ತಿದಳು.

"ಆಸ್ಪತ್ರೆಯಲ್ಲಿ ಕ್ಷಯ ಎಂದೇ ಬರೆದಿದ್ದಾರೆ. ಆ ಸ್ವೀಡನ್ ದೇಶದಲ್ಲಿ ಧೂಳಿನಿಂದ ಸತ್ತವರ ಲೆಕ್ಕ ಉಂಟು. ನಮ್ಮಲ್ಲಿ ಇಲ್ಲ. ಕಾಗದದ ಮೇಲೆ ನೋಡಿದರೆ, ಇಲ್ಲಿ ಕಲ್ಲಿನ ಧೂಳಿಗೆ ಒಬ್ಬರೂ ಸಾಯುವುದಿಲ್ಲ. ದೇಹವನ್ನು ಕೊಯ್ದು ಪರೀಕ್ಷೆ ಮಾಡಿದರೆ…"

ಹಾರೆಯ ಸದ್ದು ನಿಂತಿತು. ಕಜೆಟನ್ ಮುಖ ಆಚೆ ತಿರುಗಿಸಿದ.

"ಕೊಯ್ದ್ರ ಮಿಷನ್ನಿಗೆ ನೀರು ಬಿಡ್ತಾರೇನ್ರಿ?" ಮರೆಮ್ಮ ಕೇಳಿದಳು.

"ಕೂಡಲೇ ಅಲ್ಲ. ನಾವು ಬರೆಯುತ್ತೇವೆ, ಸರಕಾರಕ್ಕೆ ತೋರಿಸುತ್ತೇವೆ. ವರ್ಷಗಳು ಹಿಡಿಯಬಹುದು."

"ಭೀಮೇಶ ಇರೋದ್ರೊಳಗ ಆಗ್ತೈತೇನ್ರಿ?"

ವಿದ್ಯಾಧೀಶ ಗುಂಡಿಯ ಕಡೆ ನೋಡಿದ. ಭೀಮೇಶ ಊದಿದಾಗಲೂ ಮೇಲೇಳದ ಕೊಳವೆಯ ಮುಳ್ಳನ್ನು ಅವನು ನೋಡಿದ್ದ.

"ಹಂಗಾದ್ರ ಬ್ಯಾಡ್ರಿ," ಎಂದಳು ಅವಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ಇಡೀ ಮೈಯಾಗ ಹೋಗ್ಲಿ."

ಗುಂಡಿಯೊಳಗಿಂದ ಭೀಮೇಶ ಹಣೆ ಒರೆಸಿಕೊಂಡ. "ನಾ ಹೋದಾಗ ಬರ್ರಿ ಸರ. ನನಗ ಹೆಂಡ್ತಿ ಇಲ್ಲ, ಅಳೋರಿಲ್ಲ. ಕೊಯ್ಯಾಕ ಈಗ ಹೂಂ ಅಂತೀನಿ."

"ಬಾಯಿ ಮುಚ್ಚೋ!" ಎಂದು ಕೂಗಿ ಮರೆಮ್ಮ ಅಂದು ಮೊದಲ ಸಲ ಅತ್ತಳು.

ಹುಸೇನಪ್ಪನನ್ನು ಇಳಿಸಲು ನಾಲ್ಕು ಜನ ಬೇಕಿರಲಿಲ್ಲ. ಭೀಮೇಶನೂ ವಿದ್ಯಾಧೀಶನೂ ಹಿಡಿದರೆ ಸಾಕಾಯಿತು. ಎಲ್ಲರೂ ಹಿಡಿಮಣ್ಣು ಹಾಕಿದರು. ಸಲಿಕೆಯಿಂದ ಮುಚ್ಚಿ, ಮೇಲೆ ಹಾಕಲು ಮುಳ್ಳುಕಂಟಿಯೇನೂ ಸಿಗದೆ, ಗೇರಿನ ಒಣಗಿದ ಕೊಂಬೆಗಳನ್ನೇ ಹೇರಿದರು.

ಕಜೆಟನ್ ಮರೆಮ್ಮನ ಬಳಿ ಬಂದು ನಿಂತ. "ಧನಿಗಳು ಹೇಳಿದ್ದಾರೆ, ಶೆಡ್ಡು ಆಳುಗಳಿಗೆ ಮಾತ್ರ ಅಂತ. ಭೀಮೇಶನಿಗೆ ಬೇರೆ ಶೆಡ್ಡು ಉಂಟಲ್ಲ. ನಾನು ಎಂತ ಮಾಡುವುದು?"

"ದಿನದ ಕಾರ್ಯ ಮುಗಿಸಿ ಕೆಲಸಕ್ಕ ಬರ್ತೀನ್ರಿ. ಜರಡಿ ಹತ್ರನ ಹಾಕ್ರಿ."

"ಮನೆಗೆ, ಊರಿಗೆ ಹೋಗಲಿಕ್ಕಾಗುವುದಿಲ್ವಾ?" ವಿದ್ಯಾಧೀಶ ಕೇಳಿದ. ಕೇಳಿದ ಮೇಲೆ ಕೇಳಬಾರದಿತ್ತೆನಿಸಿತು. ಮರೆಮ್ಮ ಅವನಿಗೆ ಕೈಮುಗಿದಳು ಅಷ್ಟೆ.

ಕೆಳಗೆ ಟಿಪ್ಪರ್ ಹಾರನ್ ಹೊಡೆಯಿತು. ಆಳುಗಳು ಇಳಿದು ಹೋಗಿ ಹಿಂಬದಿಗೆ ಹತ್ತಿದರು. ಮರೆಮ್ಮನಿಗೆ ಹತ್ತಲಾಗಲಿಲ್ಲ, ಮೇಲಿನಿಂದ ಭೀಮೇಶ ಬಾಗಿ ಮಣ್ಣಾದ ಕೈಗಳಿಂದ ಅವಳ ಎರಡೂ ಮಣಿಕಟ್ಟು ಹಿಡಿದು ಎಳೆದುಕೊಂಡ. ಟಿಪ್ಪರ್ ಹೊರಟಿತು. ಚಕ್ರಗಳು ಎಬ್ಬಿಸಿದ ಬಿಳಿಯ ಧೂಳು ರಸ್ತೆ ತುಂಬಿತು. ವಿದ್ಯಾಧೀಶ ಜೇಬಿನಿಂದ ಕರವಸ್ತ್ರ ತೆಗೆದು ಮೂಗು ಬಾಯಿಗೆ ಒತ್ತಿ ಹಿಡಿದು ಅಂಚಿಗೆ ಸರಿದ. ಎಲ್ಲ ತಿಳಿಯಾಗುವವರೆಗೆ ಉಸಿರು ಬಿಗಿಹಿಡಿದು ಅಲ್ಲೇ ನಿಂತ.